ಅಂಚು ನೋಡದೆ ಉಟ್ಟ ಪಂಚೆ

ನನಗೆ ಸಕ್ಕರೆ ಕಾಯಿಲೆ ಇದೆ ಎಂದರೆ ಜನ ತಟ್ಟನೆ ನಂಬುತ್ತಾರೆ. ಮೆಂತ್ಯ ನೆನೆಸಿದ ನೀರು ಕುಡಿಯಿರಿ ಎಂದು ಸಲಹೆಯನ್ನೂ ಕೊಡುತ್ತಾರೆ. ಆದರೆ ನನಗೆ ಯಾವ ಪಕ್ಷವೂ ಇಲ್ಲ ಎಂದರೆ ಮಾತ್ರ ಯಾರೂ ನಂಬುವುದಿಲ್ಲ. ಮೊದಲು ನಗುತ್ತಾರೆ. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ನಮ್ಮ ಹತ್ತಿರ ಹೇಳಬಹುದು, ನಾವೇನು ಹೊರಗಿನವರೇ ಎಂದು ಮೆಲ್ಲಗೆ ಕೇಳುತ್ತಾರೆ. ಹೇಳುವುದಕ್ಕೆ ಏನೂ ಇಲ್ಲ ಎಂದರೆ ಬೇಸರಪಟ್ಟು ಕುರ್ಚಿಯನ್ನು ಹಿಂದಕ್ಕೆ ತಳ್ಳುತ್ತಾರೆ. ಹೀಗೆ ಪಕ್ಷವಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಎಲ್ಲ ಪಕ್ಷದವರ ಅನುಮಾನಕ್ಕೂ ಸಮನಾಗಿ ಗುರಿಯಾಗಿದ್ದೇನೆ.

ಚೆನ್ನೈಯ ಕೀಲ್ಪಾಕಿನಲ್ಲಿ ನಮ್ಮ ಮನೆಯ ಹತ್ತಿರ ಒಂದು ಪಾರ್ಕಿದೆ. ಬೆಳಿಗ್ಗೆ ನಡೆಯಲು ಬರುವ ನನ್ನ ವಯಸ್ಸಿನವರು ಅಲ್ಲಿ ಎರಡು ಕಲ್ಲುಬೆಂಚುಗಳಾಗಿ ಒಡೆದಿದ್ದಾರೆ. ಗೇಟಿನ ಹತ್ತಿರದ ಬೆಂಚಿನವರಿಗೆ ದೇಶ ಉದ್ಧಾರವಾಗುತ್ತಿದೆ. ಬೇವಿನ ಮರದ ಕೆಳಗಿನವರಿಗೆ ಅದೇ ದೇಶ ಹಾಳಾಗುತ್ತಿದೆ. ಮಧ್ಯೆ ಇರುವುದು ಇಪ್ಪತ್ತು ಮಾರು ಸಿಮೆಂಟಿನ ದಾರಿ. ಆ ದಾರಿಯಲ್ಲಿ ನಾನು ಸುತ್ತು ಹಾಕುವಾಗ ಈ ಬೆಂಚಿನವರು ನನ್ನನ್ನು ಆ ಬೆಂಚಿನಿಂದ ಎದ್ದು ಬಂದವನೆಂದೂ, ಆ ಬೆಂಚಿನವರು ಈ ಬೆಂಚಿಗೆ ಸುದ್ದಿ ಒಯ್ಯುವವನೆಂದೂ ನೋಡುತ್ತಾರೆ. ನಾನು ನಿಜವಾಗಿ ಯೋಚಿಸುತ್ತಿರುವುದು ಮನೆಯಲ್ಲಿ ಇವತ್ತು ಬೆಳಿಗ್ಗೆ ಇಡ್ಲಿಯೋ ಅವಲಕ್ಕಿಯೋ ಎಂದು ಹೇಳಿದರೆ ಎರಡು ಬೆಂಚೂ ಒಪ್ಪುವುದಿಲ್ಲ.

ಎಗ್ಮೋರಿನ ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾಗಲೂ ಹೀಗೇ ಇತ್ತು. ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಹೊತ್ತಿಗೆ ವಾದ ಶುರುವಾಗುತ್ತಿತ್ತು. ವಾದ ಕಾವೇರಿದ ಹಾಗೆ ಸಾಂಬಾರು ಆರುತ್ತಿತ್ತು. ನಾನು ಕಿಟಕಿಯ ಪಕ್ಕ ಕುಳಿತು ಬಿಸಿಯಿರುವಾಗಲೇ ಉಂಡು ಕೈ ತೊಳೆಯುತ್ತಿದ್ದೆ. ಅಷ್ಟು ವರ್ಷಗಳಲ್ಲಿ ಆ ಮೇಜಿನ ಸುತ್ತ ಕೂತ ಒಬ್ಬನೇ ಒಬ್ಬ ಮನುಷ್ಯನೂ, ನೀವು ಹೇಳಿದ್ದು ಸರಿ, ನಾನು ಇವತ್ತಿನಿಂದ ಅಭಿಪ್ರಾಯ ಬದಲಾಯಿಸಿಕೊಂಡೆ ಎಂದದ್ದನ್ನು ನಾನು ಕೇಳಿಲ್ಲ. ಮೇಜು ಮಾತ್ರ ಎರಡಾಯಿತು.

ಇಷ್ಟಕ್ಕೇ ನನ್ನನ್ನು ಸೋಮಾರಿ ಎಂದು ತೀರ್ಮಾನಿಸಬೇಡಿ. ಮತದಾನದ ದಿನ ನಾನು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಾಲಿನಲ್ಲಿ ನಿಂತು ಮತ ಹಾಕಿ ಬರುತ್ತೇನೆ. ಯಾರಿಗೆ ಹಾಕಿದೆನೆಂದು ನನ್ನ ಹೆಂಡತಿ ಉಷಾಗೂ ಗೊತ್ತಿಲ್ಲ. ಮಳೆಗಾಲದಲ್ಲಿ ನಮ್ಮ ಬೀದಿಯ ಚರಂಡಿ ಉಕ್ಕಿ ಮೆಟ್ಟಿಲವರೆಗೆ ಬಂದಾಗ ವಾರ್ಡಿನ ಕಚೇರಿಯಲ್ಲಿ ಹೋಗಿ ಕುಳಿತವನು ನಾನೇ. ಕೌನ್ಸಿಲರ್ ಯಾವ ಪಕ್ಷದವರೆಂದು ಅಲ್ಲಿ ಕುಳಿತ ಮೇಲೆ ಗೋಡೆಯ ಚಿತ್ರ ನೋಡಿ ತಿಳಿದುಕೊಂಡೆ. ಚರಂಡಿಯ ವಿಷಯದಲ್ಲಿ ನನಗೆ ಬಹಳ ಗಟ್ಟಿಯಾದ ಅಭಿಪ್ರಾಯವಿದೆ. ಅದನ್ನು ಯಾರ ಕಡೆಯ ಅಭಿಪ್ರಾಯವೆಂದು ಕೇಳಿದರೆ ಮಾತ್ರ ಉತ್ತರವಿಲ್ಲ.

ನಮ್ಮ ತಂದೆ ರೈಲ್ವೆಯಲ್ಲಿ ಗುಮಾಸ್ತರು. ಮದರಾಸಿನಲ್ಲಿ ನೆಲೆಸಿದ ಬಹಳಷ್ಟು ಮಾಧ್ವ ಮನೆಗಳಂತೆ ನಮ್ಮಲ್ಲೂ ಸಂಜೆ ಹೊತ್ತು ಪಾಠಪ್ರವಚನದ ಮಾತು ಇದ್ದದ್ದೇ. ಹಿಂದಿನ ವಿದ್ವಾಂಸರು ವಾದ ಮಾಡುವಾಗ ಮೊದಲು ಪೂರ್ವಪಕ್ಷ ಹೇಳಬೇಕಿತ್ತು ಎಂದು ಅವರು ನಮಗೆ ಹೇಳುತ್ತಿದ್ದರು. ಪೂರ್ವಪಕ್ಷ ಎಂದರೆ ಎದುರಾಳಿಯ ಮಾತು. ಅದನ್ನು ಎದುರಾಳಿಗಿಂತ ಚೆನ್ನಾಗಿ, ಅವನೇ ತಲೆದೂಗುವ ಹಾಗೆ ಹೇಳಿ ಮುಗಿಸಿದ ಮೇಲೆ ತನ್ನ ಮಾತು. ಟೀವಿಯಲ್ಲಿ ಒಂದೇ ಪರದೆಯ ಎಂಟು ಚೌಕಗಳಲ್ಲಿ ಎಂಟು ಜನ ಒಟ್ಟಿಗೆ ಕೂಗುವುದನ್ನು ನೋಡಿದಾಗೆಲ್ಲ ನನಗೆ ತಂದೆಯ ನೆನಪಾಗುತ್ತದೆ. ಈ ಎಂಟು ಜನರಿಗೆ ಪೂರ್ವಪಕ್ಷ ಹೇಳಿ ಎಂದರೆ ಸ್ಟುಡಿಯೋದಲ್ಲಿ ಎಷ್ಟು ಒಳ್ಳೆಯ ಮೌನ ಇರುತ್ತಿತ್ತು ಎಂದುಕೊಂಡು ಟೀವಿ ಆರಿಸುತ್ತೇನೆ.

ಆದರೆ ಮನೆಯೊಳಗಿನ ವಾದವನ್ನು ಗುಂಡಿ ಒತ್ತಿ ಆರಿಸುವುದಕ್ಕೆ ಆಗುವುದಿಲ್ಲ. ನನ್ನ ಅಣ್ಣ ಶ್ರೀಪತಿ ಮತ್ತು ಅವನ ಭಾವಮೈದುನ ಗುರುರಾಜ ಭಾವ, ಇವರಿಬ್ಬರ ವಿಷಯ ಹೇಳಬೇಕು. ಅಣ್ಣ ನಮ್ಮ ಕೆಳಗಿನ ಮಹಡಿಯಲ್ಲೇ ಇದ್ದಾನೆ, ಬ್ಯಾಂಕಿನಿಂದ ನಿವೃತ್ತ. ಭಾವ ಸುಧಾ ಅತ್ತಿಗೆಯ ಅಣ್ಣ. ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಲೇತು ಯಂತ್ರಗಳ ನಡುವೆ ಇಡೀ ಆಯುಷ್ಯ ಕಳೆದವರು, ಅದರಿಂದಲೇ ಸ್ವಲ್ಪ ಗಟ್ಟಿಯಾಗಿ ಮಾತಾಡುವವರು. ಮೂವತ್ತು ವರ್ಷಗಳಿಂದ ಭಾನುವಾರ ಬೆಳಿಗ್ಗೆ ಭಾವ ಬಸ್ಸು ಹತ್ತಿ ಕೀಲ್ಪಾಕಿಗೆ ಬರುವುದು, ಅತ್ತಿಗೆ ಕಾಫಿ ಕೊಡುವುದು, ಇಬ್ಬರೂ ಪೇಪರು ಹಂಚಿಕೊಂಡು ಎರಡು ಪಕ್ಷ ಹಿಡಿದು ಕೂಗಾಡುವುದು, ಊಟದ ಹೊತ್ತಿಗೆ ಸುಮ್ಮನಾಗುವುದು ನಡೆದುಕೊಂಡು ಬಂದಿತ್ತು. ಆ ಹೊತ್ತಿನಲ್ಲಿ ನಾನು ಏನಾದರೂ ನೆಪ ಹುಡುಕಿ ತರಕಾರಿಗೆ ಹೋಗಿಬಿಡುತ್ತಿದ್ದೆ.

ಹೋದ ಚುನಾವಣೆಯ ಎಣಿಕೆಯ ದಿನ ಈ ವ್ಯವಸ್ಥೆ ಕೆಟ್ಟಿತು. ಅವತ್ತು ತರಕಾರಿಯ ನೆಪ ಸಿಗದೆ ನಾನೂ ಅಲ್ಲೇ ಇದ್ದೆ. ಯಾರು ಏನು ಅಂದರು ಎನ್ನುವುದಕ್ಕೆ ಈಗ ಎರಡು ಪಾಠಾಂತರಗಳಿವೆ. ನಿಮ್ಮಂಥವರಿಂದಲೇ ಹೀಗಾದದ್ದು ಎಂದು ಒಬ್ಬರು ಅಂದರು; ನಿಮ್ಮಂಥವರು ಎಂದರೆ ಯಾರು ಎಂದು ಇನ್ನೊಬ್ಬರು ಕೇಳಿದರು. ಭಾವ ಎದ್ದು ಹೊರಟರು. ಲೋಟದಲ್ಲಿ ಕಾಫಿ ಅರ್ಧ ಹಾಗೇ ಇತ್ತು. ನಮ್ಮ ಮನೆಗಳಲ್ಲಿ ಬಾಗಿಲು ದಡಾರನೆ ಹಾಕಿಕೊಂಡು ಹೋದರೂ ಕ್ಷಮಿಸುತ್ತಾರೆ, ಅರ್ಧ ಕಾಫಿ ಬಿಟ್ಟು ಹೋದರೆ ಅದು ದೊಡ್ಡ ಮಾತು. ಅಲ್ಲಿಂದ ಒಂದೂವರೆ ವರ್ಷ ಅವರು ಕೀಲ್ಪಾಕಿನ ಕಡೆ ತಲೆ ಹಾಕಲಿಲ್ಲ. ಭಾನುವಾರ ಬೆಳಿಗ್ಗೆ ಅಣ್ಣ ಒಬ್ಬನೇ ಪೇಪರನ್ನು ಪೂರ್ತಿ ಹಿಡಿದು ಕುಳಿತಿರುತ್ತಿದ್ದ. ಓದಿ ಮುಗಿಸಿ ಯಾರಿಗೂ ಏನೂ ಹೇಳುತ್ತಿರಲಿಲ್ಲ.

ಹೀಗಿರುವಾಗ ಅಣ್ಣನ ಮಗಳು ಅರ್ಚನಾಗೆ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ದಾವಣಗೆರೆಯವರು. ನಮ್ಮ ಮದುವೆಗಳಲ್ಲಿ ಹುಡುಗಿಯನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ತಂದೆ ಕಾಯುತ್ತಾ ಕೂತಿರಬೇಕು, ಮಾವ ಕರೆತರಬೇಕು. ಅರ್ಚನಾಗೆ ಇರುವುದು ಒಬ್ಬರೇ ಸೋದರಮಾವ. ಅತ್ತಿಗೆ ಹೋಗಿ ಕರೆದು ಬಂದಳು, ಅತ್ತು ಬಂದಳು. ನಿನ್ನ ಗಂಡ ಬಂದು ಕರೆಯಲಿ ಎಂದರಂತೆ ಭಾವ. ಎದ್ದು ಹೋದವರು ಅವರು, ಅವರೇ ಬರಲಿ ಎಂದ ಅಣ್ಣ.

ಎಲ್ಲರೂ ನನ್ನ ಮುಖ ನೋಡಿದರು. ಪಕ್ಷವಿಲ್ಲದವನೆಂದು ಅದುವರೆಗೆ ನನ್ನನ್ನು ನಂಬದೆ ಇದ್ದವರಿಗೆ ಅವತ್ತು ಇದ್ದಕ್ಕಿದ್ದ ಹಾಗೆ ನಂಬಿಕೆ ಬಂತು. ನಾನು, ನೋಡೋಣ, ಅವರಿಗೂ ಸ್ವಲ್ಪ ಸಮಯ ಕೊಡಬೇಕು ಎಂದು ಎಂದಿನಂತೆ ಏನೋ ಹೇಳುತ್ತಿದ್ದೆ. ಅರ್ಚನಾ ಚೆನ್ನೈಯಲ್ಲೇ ಓದಿ ಬೆಳೆದ ಹುಡುಗಿ. ಕನ್ನಡ ಶುರು ಮಾಡಿ ತಮಿಳಿನಲ್ಲಿ ಮುಗಿಸುತ್ತಾಳೆ.

"ಚಿತ್ತಪ್ಪಾ, ನೀವು ಎಪ್ಪವುಮೇ ಸೇಫ್. ಯಾರ ಹತ್ರಾನೂ ಫೈಟ್ ಇಲ್ಲೆ. ಆದ್ರೆ ನಿಮ್ಮಿಂದ ಯಾರ್ಗೂ ಯೂಸೂ ಇಲ್ಲೆ" ಎಂದಳು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಮಾಮ ನಮಗೆ ಸೊಂದಂ, ಕಟ್ಚಿ ಇಲ್ಲೆ. ಅವರು ಬರಲೇನ್ನಾ ನಾನು ಒಬ್ಬಳೇ ನಡೆದು ಬರಲ್ಲ" ಎಂದಳು.

ಚಿತ್ತಪ್ಪ ಎಂದರೆ ಚಿಕ್ಕಪ್ಪ, ಎಪ್ಪವುಮೇ ಎಂದರೆ ಯಾವಾಗಲೂ, ಬರಲೇನ್ನಾ ಎಂದರೆ ಬರದಿದ್ದರೆ. ಸೊಂದಂ ಎಂದರೆ ನೆಂಟಸ್ತಿಕೆ, ನಮ್ಮವರು ಎನ್ನುವ ಭಾವನೆ. ಕಟ್ಚಿ ಎಂದರೆ ಪಕ್ಷ. ತಮಿಳು ಗೊತ್ತಿಲ್ಲದಿದ್ದರೂ ಅವಳ ಮುಖ ನೋಡಿದವರಿಗೆ ಅರ್ಥವಾಗುತ್ತಿತ್ತು. ನನಗೆ ಆ 'ಯೂಸೂ ಇಲ್ಲೆ' ಚುಚ್ಚಿತು. ಅದು ಪೂರ್ತಿ ಸುಳ್ಳಲ್ಲ ಎಂದು ಗೊತ್ತಿದ್ದುದರಿಂದ ಹೆಚ್ಚು ಚುಚ್ಚಿತು. ತರಕಾರಿ ಚೀಲ ಹಿಡಿದು ಹೊರಡುವುದನ್ನು ನಾನು ಅಷ್ಟು ವರ್ಷ ವೈರಾಗ್ಯವೆಂದು ತಿಳಿದಿದ್ದೆ. ಭಾವನನ್ನು ಕರೆತಂದೇ ತೀರುತ್ತೇನೆ, ಆದರೆ ಯಾರ ಕಡೆಯೂ ಸೇರದೆ ಕರೆತರುತ್ತೇನೆ ಎಂದು ಅವತ್ತು ಹಟ ತೊಟ್ಟೆ.

ಸೋದರಮಾವನನ್ನು ಮದುವೆಗೆ ಕರೆಯಲು ಹೋಗುವುದೆಂದರೆ ಪ್ಯಾಂಟು ಹಾಕಿಕೊಂಡು ಹೋಗುವ ಕೆಲಸವಲ್ಲ. ಉಷಾ ಅವತ್ತು ತಂಗಿಯ ಮನೆಗೆ ಹೋಗಿದ್ದಳು. ನನ್ನ ಜರಿಪಂಚೆ ಎಲ್ಲಿಟ್ಟಿದ್ದಾಳೋ ಸಿಗಲಿಲ್ಲ. ನಿಶ್ಚಿತಾರ್ಥದಲ್ಲಿ ದಾವಣಗೆರೆಯ ಬೀಗರು ಕೊಟ್ಟ ಹೊಸ ಪಂಚೆ ಕೈಗೆ ಸಿಕ್ಕಿತು. ಬೆಳ್ಳಗೆ ದಪ್ಪ ನೂಲಿನದು, ಅಗಲವಾದ ಬಣ್ಣದ ಅಂಚು. ಕೊಡವಿ ಉಟ್ಟುಕೊಂಡೆ. ಕುಂಕುಮ, ಅಕ್ಷತೆ, ಲಗ್ನಪತ್ರಿಕೆಯ ತಟ್ಟೆಯನ್ನು ಚೀಲದಲ್ಲಿಟ್ಟುಕೊಂಡು ಅಂಬತ್ತೂರಿನ ಬಸ್ಸು ಹತ್ತಿದೆ.

ಅವತ್ತು ಚೆನ್ನೈ ನನಗೆ ತೋರಿಸಿದ ಮರ್ಯಾದೆಯನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಂಡಕ್ಟರ್ "ವಾಂಗ ತಲೈವರೇ" ಎಂದು ಒಳಗೆ ಕರೆದ. ನಾಯಕರೇ ಬನ್ನಿ ಎಂದು. ಒಬ್ಬ ತರುಣ ಎದ್ದು ಸೀಟು ಬಿಟ್ಟುಕೊಟ್ಟ. ಪಕ್ಕದಲ್ಲಿ ಕುಳಿತಿದ್ದ ಹಿರಿಯ ಹೆಂಗಸು ತಮ್ಮ ಬೀದಿಯ ದೀಪ ಉರಿಯುತ್ತಿಲ್ಲವೆಂದು ಹೇಳಿಕೊಂಡಳು. ನಾನು ಸಹಾನುಭೂತಿಯಿಂದ ಕೇಳಿ, ವಾರ್ಡಿನ ಕಚೇರಿಗೆ ಹೋಗಿ ಗಟ್ಟಿಯಾಗಿ ಕೂತುಕೊಳ್ಳಿ ಎಂದು ಸಲಹೆ ಕೊಟ್ಟೆ. ನೀವೇ ಒಂದು ಮಾತು ಹೇಳಿದರೆ ಆಗುತ್ತದೆ ಎಂದಳು. ನನ್ನ ನರೆತ ತಲೆಗೂ ಹಣೆಯ ನಾಮಕ್ಕೂ ಇಷ್ಟು ಬೆಲೆ ಇದೆಯೆಂದು ತಿಳಿದಿದ್ದರೆ ಮೊದಲೇ ಪಂಚೆ ಉಡುತ್ತಿದ್ದೆನಲ್ಲ ಎಂದುಕೊಂಡೆ.

ಭಾವನ ಮನೆಯ ಬಾಗಿಲು ತಟ್ಟಿದೆ. ಅವರು ಬಾಗಿಲು ತೆರೆದರು, ನನ್ನ ಮುಖ ನೋಡಿ ಒಂದು ಗಳಿಗೆ ಸಂತೋಷಪಟ್ಟರು, ಆಮೇಲೆ ಕಣ್ಣು ಕೆಳಗಿಳಿಯಿತು. ಅಲ್ಲೇ ನಿಂತುಬಿಟ್ಟಿತು.

"ಶ್ರೀಪತಿ ಇದನ್ನ ಉಡಿಸಿ ಕಳಿಸಿದ್ನಾ?" ಎಂದರು.

ತಮಿಳುನಾಡಿನಲ್ಲಿ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ಇಲ್ಲಿ ಪಕ್ಷದವರು ಉಡುವ ಪಂಚೆಗೆ ಪಕ್ಷದ ಬಣ್ಣದ ಅಂಚಿರುತ್ತದೆ. ಕರೈ ವೇಷ್ಟಿ ಎನ್ನುತ್ತಾರೆ. ಅಂಚು ನೋಡಿದರೆ ಸಾಕು, ಬಾಯಿ ಬಿಡದೆ ಮನುಷ್ಯ ಯಾರ ಕಡೆ ಎಂದು ಬೀದಿಗೆಲ್ಲ ತಿಳಿಯುತ್ತದೆ. ದಾವಣಗೆರೆಯ ಅಂಗಡಿಯಲ್ಲಿ ಅಂಚು ಬರೀ ಅಂಚು. ಚಂದ ಕಂಡದ್ದನ್ನು ಬೀಗರು ಆರಿಸಿದ್ದರು. ಹುಟ್ಟಿದಾಗಿನಿಂದ ಈ ಊರಿನಲ್ಲೇ ಇರುವ ನಾನಾದರೂ ನೋಡಬೇಕಿತ್ತು. ರಾಜಕೀಯಕ್ಕೆ ಬೆನ್ನು ತಿರುಗಿಸಿ ತಿರುಗಿಸಿ ನನ್ನ ಕಣ್ಣು ಸೊಂಟದ ಕೆಳಗೆ ಏನಿದೆ ಎಂದು ನೋಡುವುದನ್ನೂ ಬಿಟ್ಟಿತ್ತು. ನಾನು ಉಟ್ಟದ್ದು ಅಣ್ಣನ ಪಕ್ಷದ ಅಂಚು. ಬಣ್ಣ ಯಾವುದೆಂದು ನಿಮಗೆ ಹೇಳುವುದಿಲ್ಲ. ಹೇಳಿದರೆ ನೀವೂ ಈ ಕ್ಷಣವೇ ಅಣ್ಣನ ಕಡೆಯೋ ಭಾವನ ಕಡೆಯೋ ಸರಿದು ಕೂರುತ್ತೀರಿ, ಮುಂದಿನ ಕಥೆ ನಿಮ್ಮ ಕಿವಿಗೆ ಬೀಳುವುದಿಲ್ಲ.

ನಾನು ನಡೆದದ್ದನ್ನೆಲ್ಲ ತೊದಲಿದೆ. ಬೀಗರು, ನಿಶ್ಚಿತಾರ್ಥ, ಜರಿಪಂಚೆ ಸಿಗದದ್ದು, ಬಸ್ಸಿನ ಮರ್ಯಾದೆ. ಬೀದಿದೀಪದ ಹೆಂಗಸಿನ ಹತ್ತಿರ ಬಂದಾಗ ಭಾವ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಇಂಥ ಪೆದ್ದುತನವನ್ನು ಯಾರೂ ಯೋಚಿಸಿ ಮಾಡುವುದಕ್ಕೆ ಆಗುವುದಿಲ್ಲ ಎಂದು ಅವರಿಗೆ ಖಾತ್ರಿಯಾಯಿತು. ಆದರೂ ಅದನ್ನು ಉಟ್ಟು ತಮ್ಮ ಮನೆಯಲ್ಲಿ ಕೂರುವ ಹಾಗಿಲ್ಲ, ಬೀದಿಯವರು ತಾವೇ ಪಕ್ಷ ಬದಲಾಯಿಸಿದರೆಂದು ತಿಳಿಯುತ್ತಾರೆ ಎಂದರು. ಒಳಗಿಂದ ತಮ್ಮದೊಂದು ಪಂಚೆ ತಂದುಕೊಟ್ಟರು. ಅದರ ಅಂಚು ಯಾವ ಪಕ್ಷದ್ದೆಂದು ಈಗ ಹೇಳಬೇಕಾಗಿಲ್ಲವಲ್ಲ. ಬಚ್ಚಲಿಗೆ ಹೋಗಿ ನಾನು ಪಕ್ಷಾಂತರ ಮಾಡಿ ಬಂದೆ.

ಕಾಫಿ ಬಂತು. ಕುಂಕುಮ ಅಕ್ಷತೆಯ ತಟ್ಟೆ ಮುಂದಿಟ್ಟು, ಮನೆಯವರ ಪರವಾಗಿ ಕರೆಯಲು ಬಂದಿದ್ದೇನೆ, ಅರ್ಚನಾ ನಿಮ್ಮ ಕೈಹಿಡಿಯದೆ ಮಂಟಪಕ್ಕೆ ಬರುವುದಿಲ್ಲವಂತೆ ಎಂದೆ. ಹುಡುಗಿಯ ಹೆಸರು ಕೇಳಿ ಅವರ ಮುಖ ಮೆತ್ತಗಾಯಿತು. ಲೋಟ ಕೆಳಗಿಟ್ಟರು. ಆಮೇಲೆ ಕೇಳಿದರು.

"ವೆಂಕಟೇಶಾ, ಅವತ್ತು ನೀನೂ ಅಲ್ಲೇ ಇದ್ದೆ. ಶ್ರೀಪತಿ ಅಂದಿದ್ದು ತಪ್ಪು ಅಂತ ಒಂದು ಮಾತು ಹೇಳು. ನನ್ ಹತ್ರ ಹೇಳಿದ್ರೆ ಸಾಕು. ನಾನು ಬರ್ತೀನಿ."

ಎಷ್ಟು ಸುಲಭ ನೋಡಿ. ಒಂದು ಮಾತು. ಗೋಡೆಗಳ ಒಳಗೆ, ಅವರ ಪಂಚೆ ಉಟ್ಟುಕೊಂಡು, ಅವರ ಕಾಫಿ ಕುಡಿಯುತ್ತಾ. ಹೇಳಿಬಿಟ್ಟರೆ ಮದುವೆ ಸುಸೂತ್ರ. ಅಣ್ಣನಿಗೆ ತಿಳಿಯುವುದೂ ಇಲ್ಲ. ಆದರೆ ಹೊರಡುವ ಹಿಂದಿನ ದಿನ ಅಣ್ಣನೂ ಇದನ್ನೇ ಕೇಳಿದ್ದ, ಭಾವ ಅಂದದ್ದು ತಪ್ಪೆಂದು ನೀನಾದರೂ ಒಪ್ಪುತ್ತೀಯಲ್ಲ ಎಂದು. ಅವನಿಗೂ ನಾನು ಹೇಳಿರಲಿಲ್ಲ. ಇಲ್ಲೊಂದು ಅಲ್ಲೊಂದು ಹೇಳಿ ಹೊಂದಿಸುವ ಜಾಣತನ ನನಗೆ ಬರುತ್ತಿತ್ತೇನೋ. ಆದರೆ ಹಾಗೆ ಹೊಂದಿಸಿದ ಮೇಲೆ ನಾನು ಕೊಟ್ಟ ಅಕ್ಷತೆಯನ್ನು ಯಾವ ಮನೆಯವರು ನಂಬಿ ತಲೆಗೆ ಹಾಕಿಕೊಳ್ಳುತ್ತಾರೆ?

"ಹೇಳಲ್ಲ ಭಾವ" ಎಂದೆ. "ಅಣ್ಣನಿಗೂ ಹೇಳಿಲ್ಲ, ನಿಮಗೂ ಹೇಳಲ್ಲ. ನೀವು ಬರದೇ ಇದ್ರೂ ಹೇಳಲ್ಲ. ಬನ್ನಿ ಅಂತ ಮಾತ್ರ ಕೇಳ್ತೀನಿ, ನೀವು ಬರೋವರೆಗೂ ದಿನಾ ಬಂದು ಕೇಳ್ತೀನಿ."

ಇಷ್ಟು ಗಟ್ಟಿಯಾಗಿ ನಾನು ಚರಂಡಿಯ ವಿಷಯ ಬಿಟ್ಟು ಬೇರೆ ಯಾವುದಕ್ಕೂ ಮಾತಾಡಿದವನಲ್ಲ. ಭಾವ ಅಕ್ಷತೆಯನ್ನು ಅಂಗೈಯಲ್ಲಿ ತೆಗೆದುಕೊಂಡರು. ತಲೆಗೆ ಹಾಕಿಕೊಳ್ಳಲಿಲ್ಲ, ತಟ್ಟೆಗೂ ವಾಪಸು ಹಾಕಲಿಲ್ಲ. ನೋಡ್ತೀನಿ ಎಂದರು.

ಮನೆಗೆ ಬಂದರೆ ಗೇಟಿನಲ್ಲೇ ಅಣ್ಣ ನಿಂತಿದ್ದ. ಬೆಳಿಗ್ಗೆ ಒಂದು ಅಂಚಿನಲ್ಲಿ ಹೋದ ತಮ್ಮ ಸಂಜೆ ಇನ್ನೊಂದು ಅಂಚಿನಲ್ಲಿ ಮರಳಿದ್ದನ್ನು ನೋಡಿದ. ಭಾವ ಬರುತ್ತಾರೋ ಎಂದೂ ಕೇಳಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ನಾನೂ ವಿವರಿಸಲು ಹೋಗಲಿಲ್ಲ. ಬೆಳಿಗ್ಗೆ ಎದ್ದು ಮತ್ತೆ ಅಂಬತ್ತೂರಿಗೆ ಹೋದೆ, ಈ ಸಲ ಪ್ಯಾಂಟು ಹಾಕಿಕೊಂಡು. ಮಾರನೆಯ ದಿನವೂ ಹೋದೆ. ಭಾವ ಕಾಫಿ ಕೊಟ್ಟರು, ನೋಡ್ತೀನಿ ಎಂದರು. ಬಸ್ಸಿನಲ್ಲಿ ಯಾರೂ ಎದ್ದು ಸೀಟು ಕೊಡಲಿಲ್ಲ. ಮದುವೆ ಹತ್ತಿರವಾಗುವವರೆಗೂ ನನ್ನ ದಿನಚರಿ ಇದೇ ಆಯಿತು. ಪಾರ್ಕಿಗೆ ಹೋಗುವುದೇ ನಿಂತುಹೋಯಿತು, ಎರಡು ಬೆಂಚಿನವರೂ ನಾನು ಎದುರು ಬೆಂಚಿನವರ ಕೆಲಸಕ್ಕೆ ಓಡಾಡುತ್ತಿದ್ದೇನೆಂದು ತಿಳಿದರಂತೆ.

ಮದುವೆ ಎಗ್ಮೋರಿನ ಹತ್ತಿರದ ಒಂದು ಕಲ್ಯಾಣ ಮಂಟಪದಲ್ಲಿ. ಭಾವ ಬಂದರು. ಪ್ಯಾಂಟು ಶರ್ಟಿನಲ್ಲಿ ಬಂದು, ಹಿಂದಿನ ಸಾಲಿನಲ್ಲಿ, ಯಾವ ಗಳಿಗೆಯಲ್ಲಿ ಬೇಕಾದರೂ ಎದ್ದು ಹೋಗಬಹುದಾದ ಕುರ್ಚಿಯಲ್ಲಿ ಕುಳಿತರು. ಬಂದೆನೇ ಹೊರತು ಮಂಟಪ ಹತ್ತುವುದಿಲ್ಲ ಎಂದು ಅತ್ತಿಗೆಗೆ ಹೇಳಿದರಂತೆ. ಅಣ್ಣ ಮುಂದೆ ಹೋಮದ ಕಡೆ ಮುಖ ಮಾಡಿ ಕುಳಿತಿದ್ದ. ಕುತ್ತಿಗೆ ಹಿಂದಕ್ಕೆ ತಿರುಗದ ಹಾಗೆ ಅವನು ಪಡುತ್ತಿದ್ದ ಕಷ್ಟ ನನಗೆ ದೂರದಿಂದಲೂ ಕಾಣಿಸುತ್ತಿತ್ತು.

ಆಗ ದಾವಣಗೆರೆಯ ಬೀಗಿತ್ತಿ ಒಂದು ದೊಡ್ಡ ಚೀಲ ಹಿಡಿದು ನನ್ನ ಹತ್ತಿರ ಬಂದರು. ಅವರ ಮನೆಯ ಪದ್ಧತಿಯಂತೆ ಧಾರೆಯೆರೆಯುವ ತಂದೆಯೂ ಹುಡುಗಿಯನ್ನು ಕರೆತರುವ ಸೋದರಮಾವನೂ ಗಂಡಿನ ಮನೆಯವರು ಕೊಟ್ಟ ಪಂಚೆಯನ್ನೇ ಉಟ್ಟು ಬರಬೇಕು. ಚೀಲದಲ್ಲಿ ಎರಡು ಹೊಸ ಪಂಚೆ. "ಎರಡೂ ಭಾಳ ಚಲೋ ಅದಾವ್ರೀ, ಯಾವ್ದು ಯಾರಿಗೆ ಕೊಡ್ಬೇಕು ನೀವೇ ಹೇಳ್ರಿ" ಎಂದರು. ನಾನು ಚೀಲದೊಳಗೆ ನೋಡಿದೆ. ಈಗ ನನ್ನ ಕಣ್ಣಿಗೆ ಅಂಚು ಕಾಣುವ ಅಭ್ಯಾಸವಾಗಿತ್ತು. ಅದೇ ಅಂಗಡಿ, ಅದೇ ಅಭಿರುಚಿ. ಒಂದು ಅಣ್ಣನ ಅಂಚು, ಒಂದು ಭಾವನ ಅಂಚು.

ಪಕ್ಷವಿಲ್ಲದ ಮನುಷ್ಯನಿಗೆ ಆಯುಷ್ಯದಲ್ಲಿ ಒಮ್ಮೆ ಇಂಥ ಅಧಿಕಾರ ಸಿಗುತ್ತದೆ. ಸರಿಯಾಗಿ ಹಂಚಿದ್ದರೆ ಇಬ್ಬರೂ ತಮ್ಮ ತಮ್ಮ ಬಣ್ಣ ಉಟ್ಟು, ಮೀಸೆ ತಿರುವಿ, ಎರಡು ಮೂಲೆಯಲ್ಲಿ ನಿಲ್ಲುತ್ತಿದ್ದರು. ನಾನು ಬೇಕೆಂದೇ ಅಣ್ಣನ ಅಂಚನ್ನು ಭಾವನಿಗೂ, ಭಾವನ ಅಂಚನ್ನು ಅಣ್ಣನಿಗೂ ಕೊಡಿಸಿದೆ. ಬೀಗಿತ್ತಿ ಕುಂಕುಮವಿಟ್ಟು, ಎಲ್ಲರ ಎದುರಿಗೆ ಇಬ್ಬರ ಕೈಗೂ ಕೊಟ್ಟರು. ಬೀಗರು ಕೊಟ್ಟದ್ದನ್ನು ಬೇಡ ಎನ್ನುವ ಹಾಗಿಲ್ಲ. ಬಟ್ಟೆ ಬದಲಾಯಿಸುವುದಕ್ಕೆ ಆ ಮಂಟಪದಲ್ಲಿ ಗಂಡಸರಿಗೆ ಇದ್ದದ್ದು ಒಂದೇ ಕೋಣೆ. ಇಬ್ಬರೂ ಮುಖ ಬಿಗಿದುಕೊಂಡು, ಒಬ್ಬರ ಹಿಂದೆ ಒಬ್ಬರು ಒಳಗೆ ಹೋದರು.

ಒಳಗೆ ಪಂಚೆಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ, ಅದಕ್ಕಾದರೂ ಒಂದು ಮಾತು ಆಡಲೇಬೇಕು ಎಂದಷ್ಟೇ ನಾನು ಲೆಕ್ಕ ಹಾಕಿದ್ದು. ಬಹಳ ಹೊತ್ತಾಯಿತು. ಪುರೋಹಿತರು ಎರಡು ಸಲ ನನ್ನ ಕಡೆ ನೋಡಿದರು. ಅರ್ಚನಾ ಹೂವಿನ ಹಾರ ಹಿಡಿದು ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಕಣ್ಣಿನಲ್ಲೇ ಕೇಳಿದಳು. ಎಲ್ಲ ಕೆಟ್ಟಿತು, ಜಾಣತನ ಮಾಡಲು ಹೋಗಿ ನಾನೇ ಕೆಡಿಸಿದೆ ಎಂದುಕೊಳ್ಳುತ್ತಾ ಆ ಕೋಣೆಯ ಬಾಗಿಲಿಗೆ ಹೋದೆ.

ಒಳಗಿನಿಂದ ಮಾತು ಕೇಳಿಸಿತು. ಮೊದಲು ಅಣ್ಣನ ಮಾತು ಎಂದುಕೊಂಡೆ. ಅಣ್ಣನ ಪಕ್ಷದ ಪರವಾಗಿ, ಅಣ್ಣ ಹೇಳುವ ಕ್ರಮದಲ್ಲೇ, ಅವನ ಹಾಗೆ ಮಧ್ಯೆ ಮಧ್ಯೆ ಕನ್ನಡಕ ತೆಗೆದು ಒರೆಸುವಷ್ಟು ಹೊತ್ತು ನಿಲ್ಲಿಸಿ ನಿಲ್ಲಿಸಿ. ದನಿ ಮಾತ್ರ ಭಾವನದು. ಈ ಅಂಚು ಉಟ್ಟ ಮೇಲೆ ನಿನ್ನ ಭಾಷಣವನ್ನೂ ನಾನೇ ಮಾಡಬೇಕಲ್ಲ ಎಂದು ಅವರು ಅಣಕಿಸುತ್ತಿದ್ದರು.

"ನಾನು ಹಾಗೆ ಹೇಳಲ್ಲ" ಎಂದ ಅಣ್ಣ.

"ಹಾಗೇ ಹೇಳೋದು ನೀನು. ಮೂವತ್ತು ವರ್ಷ ಕೇಳಿದೀನೋ, ನನಗೆ ಗೊತ್ತಿಲ್ವಾ?"

ಆಮೇಲೆ ಅಣ್ಣ ನಕ್ಕ. ಒಂದೂವರೆ ವರ್ಷದಿಂದ ನಾನು ಕೇಳದೆ ಇದ್ದ ನಗು ಅದು. ನಕ್ಕವನು ಅಲ್ಲಿಗೇ ಬಿಡಲಿಲ್ಲ, ಹಾಗಾದರೆ ನೀವು ಹೇಳುವುದನ್ನು ನಾನು ಹೇಳುತ್ತೇನೆ ಕೇಳಿ ಎಂದು ಭಾವನ ಪಕ್ಷದ ವಾದವನ್ನು ಗಟ್ಟಿ ದನಿಯಲ್ಲಿ ಶುರುಮಾಡಿದ. ಭಾವ ಮಧ್ಯೆ ಬಾಯಿ ಹಾಕಿ, ಅಷ್ಟು ಕೆಟ್ಟದಾಗಿ ನಾನು ಹೇಳಲ್ಲ, ಸರಿಯಾಗಿ ಹೇಳು ಎಂದು ತಿದ್ದಿದರು. ಎರಡು ನಿಮಿಷದಲ್ಲಿ ಅಣಕವೆಲ್ಲ ಹೋಗಿ ನಿಜವಾದ ಜಗಳ ಶುರುವಾಗಿತ್ತು, ಭಾನುವಾರದ ಜಗಳ.

ನಾನು ಬಾಗಿಲಲ್ಲಿ ನಿಂತೇ ಇದ್ದೆ. ತರಕಾರಿಗೆ ಹೋಗಬೇಕೆಂದು ಅನ್ನಿಸಲಿಲ್ಲ. ಅವರು ಹೇಳುತ್ತಿದ್ದ ಒಂದು ಮಾತಿಗೂ ನನ್ನ ಒಪ್ಪಿಗೆ ಇರಲಿಲ್ಲ, ಆದರೂ ಮುಹೂರ್ತದ ಭಯ ಇಲ್ಲದಿದ್ದರೆ ಸಂಜೆಯವರೆಗೂ ಕೇಳುತ್ತಿದ್ದೆ. ನನಗೆ ಪಕ್ಷ ಬೇಡ ಎನ್ನುವುದು ನಿಜ. ಮನೆಯಲ್ಲಿ ಅದರ ಸದ್ದೇ ಬೇಡ ಎಂದು ಅಷ್ಟು ವರ್ಷ ಅಂದುಕೊಂಡದ್ದು ಮಾತ್ರ ನಿಜವಾಗಿರಲಿಲ್ಲ. ಆ ಸದ್ದು ನಿಂತ ಮನೆ ಹೇಗಿರುತ್ತದೆಂದು ಒಂದೂವರೆ ವರ್ಷ ನೋಡಿದ್ದೆನಲ್ಲ. ಕಣ್ಣು ಒದ್ದೆಯಾಯಿತು. ಒರೆಸಿಕೊಂಡು, ಹುಡುಗಿ ಕಾಯ್ತಿದಾಳೆ ಎಂದು ಬಾಗಿಲು ತಟ್ಟಿದೆ.

ಇಬ್ಬರೂ ಹೊರಗೆ ಬಂದರು. ಪಂಚೆಗಳನ್ನು ಅದಲುಬದಲು ಮಾಡಿಕೊಳ್ಳುವುದನ್ನೇ ಮರೆತಿದ್ದರು. ಭಾವ ನಡೆಯುತ್ತಲೇ ನನ್ನ ಭುಜ ಹಿಡಿದು, ಈಗಲಾದರೂ ಹೇಳು, ನಮ್ಮಿಬ್ಬರಲ್ಲಿ ಯಾರದು ಸರಿ ಎಂದು ಕೇಳಿದರು. ಅಣ್ಣನೂ ನಿಂತು ನನ್ನ ಮುಖ ನೋಡಿದ. ನಾನು ಹೇಳಲಿಲ್ಲ. ಭಾವ ಅಣ್ಣನ ಅಂಚನ್ನು ಉಟ್ಟುಕೊಂಡೇ ಅರ್ಚನಾಳ ಕೈಹಿಡಿದು ಸಭೆಯ ನಡುವೆ ನಡೆಸಿಕೊಂಡು ಬಂದರು. ಅಣ್ಣ ಭಾವನ ಅಂಚಿನಲ್ಲಿ ಧಾರೆಯೆರೆದ. ಬಂದಿದ್ದ ತಮಿಳು ಸ್ನೇಹಿತರು ಒಬ್ಬರನ್ನೊಬ್ಬರು ನೋಡಿಕೊಂಡರು. ಬೀಗಿತ್ತಿಗೆ ಮಾತ್ರ ತಮ್ಮ ಆಯ್ಕೆ ಇಬ್ಬರಿಗೂ ಒಪ್ಪಿದೆಯೆಂದು ಬಹಳ ತೃಪ್ತಿಯಾಯಿತು. ನನ್ನ ಮುಂದೆ ಹಾದುಹೋಗುವಾಗ ಅರ್ಚನಾ ತಲೆ ತಗ್ಗಿಸಿಕೊಂಡೇ, "ಯೂಸ್ ಇದೀರಿ ಚಿತ್ತಪ್ಪಾ" ಎಂದಳು.

ಈಗ ಭಾನುವಾರ ಬೆಳಿಗ್ಗೆ ಕೆಳಗಿನ ಮಹಡಿಯಿಂದ ಗದ್ದಲ ಮೇಲಿನವರೆಗೆ ಕೇಳಿಸುತ್ತದೆ. ನಾನು ಹೋಗಿ ಸ್ವಲ್ಪ ಹೊತ್ತು ಕುಳಿತು, ಕಾಫಿ ಕುಡಿದು, ಕೇಳಿದ ಪ್ರಶ್ನೆಗೆ ಉತ್ತರ ಹೇಳದೆ ಎದ್ದು ಬರುತ್ತೇನೆ. ಭಾವ ಕೊಟ್ಟ ಪಂಚೆಯನ್ನು ವಾಪಸು ಕೊಡಲು ಹೋದೆ, ಇಟ್ಟುಕೋ ಎಂದರು. ಮೊನ್ನೆ ಅದನ್ನೂ ನಿಶ್ಚಿತಾರ್ಥದ ಪಂಚೆಯನ್ನೂ ಒಗೆದು ತಾರಸಿಯ ಒಂದೇ ಹಗ್ಗದ ಮೇಲೆ ಪಕ್ಕಪಕ್ಕ ಹರವುತ್ತಿದ್ದೆ. ಗಾಳಿಗೆ ಎರಡು ಅಂಚೂ ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಪಕ್ಕದ ತಾರಸಿಯಲ್ಲಿ ಒಣಗಲಿಟ್ಟ ವಡಾಂ ಸಂಡಿಗೆ ಕಾಯುತ್ತಿದ್ದ ಪಳನಿಯವರು, ಬೇವಿನ ಮರದ ಬೆಂಚಿನವರು, ಅದನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾಗದೆ ಕೇಳಿದರು.

"ಎನ್ನ ಸಾರ್, ಕೂಟ್ಟಣಿಯಾ?"

ಏನು ಸಾರ್, ಮೈತ್ರಿಕೂಟವೇ ಎಂದು. ನಾನು ಹಗ್ಗಕ್ಕೆ ಕ್ಲಿಪ್ಪು ಸಿಕ್ಕಿಸಿ, "ಇಲ್ಲೀಂಗ, ಸೊಂದಂ" ಎಂದೆ.